ಹೊಸ ಪೇಂಟ್ ಹಿಂದಿನ ಗೋಡೆ: ಡಬಲ್ ಬೆಡ್‌ರೂಂ ಬಾಡಿಗೆಗೆ ಹಿಡಿಯೋ ಮುಂಚೆ

ಸೆಮಿಸ್ಟರ್ ರಜೆ ಮುಗಿಯೋಕೆ ಹತ್ತು ದಿನ ಇದೆ ಅನ್ನುವಾಗ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಒಂದೇ ಥರದ ಮೆಸೇಜ್‌ಗಳು ಶುರುವಾಗುತ್ತವೆ. ‘ಡಬಲ್ ಬೆಡ್‌ರೂಂ, ಫುಲ್ ರಿನೋವೇಷನ್ ಆಗಿದೆ, ಬಸ್ ಸ್ಟ್ಯಾಂಡಿಗೆ ಐದು ನಿಮಿಷ, ಇನ್ನೂ ಇಬ್ಬರು ಬೇಕು.’ ಜೊತೆಗೆ ನಾಲ್ಕು ಫೋಟೋ. ಹೊಳೆಯೋ ಟೈಲ್ಸ್, ಬಿಳೀ ಗೋಡೆ, ಹೊಸ ಸಿಂಕು, ಬಾತ್‌ರೂಮಿನ ನಲ್ಲಿಗೆ ಇನ್ನೂ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಹಾಸ್ಟೆಲ್ ಬಿಟ್ಟು ಹೊರಗೆ ಬರೋ ಆಸೆ ಇರೋ ಯಾರಿಗಾದ್ರೂ ಇದನ್ನ ನೋಡಿದ್ರೆ ತಕ್ಷಣ ಅಡ್ವಾನ್ಸ್ ಕೊಟ್ಟುಬಿಡೋಣ ಅನ್ನಿಸುತ್ತೆ.

ಆ ಅಡ್ವಾನ್ಸ್ ದುಡ್ಡು ಮಾತ್ರ ನಮ್ಮದಲ್ಲ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಅದು ಅರಿಸಿನ ಮಾರಿದ ದುಡ್ಡು, ಡೈರಿಗೆ ಹಾಲು ಹಾಕಿದ ದುಡ್ಡು, ಇಲ್ಲಾ ಅಪ್ಪ ಯಾರ ಹತ್ರನೋ ಬಡ್ಡಿಗೆ ತಂದ ದುಡ್ಡು. ಅದಕ್ಕೇ ಈ ಲೇಖನ. ಹೋದ ವರ್ಷ ನಾವು ನಾಲ್ಕು ಜನ ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ ಸೇರಿ ಹತ್ತು ಹನ್ನೆರಡು ಮನೆ ನೋಡಿದ್ವಿ. ನೋಡ್ತಾ ನೋಡ್ತಾ ನನಗೆ ಒಂದು ವಿಷಯ ಖುಷಿ ಕೊಡ್ತು. ಮೊದಲನೇ ವರ್ಷದಲ್ಲಿ ಇಂಟರ್ನಲ್ಸ್‌ಗೋಸ್ಕರ ಬಾಯಿಪಾಠ ಮಾಡಿದ ಫಿಸಿಕ್ಸೂ ಬೇಸಿಕ್ ಎಲೆಕ್ಟ್ರಿಕಲ್ಲೂ ನಿಜವಾಗಿ ಕೆಲಸಕ್ಕೆ ಬರುತ್ತವೆ.

ಎಲ್ಲಿ, ಯಾವಾಗ

ಚಾಮರಾಜನಗರದ ಹಳೇ ಹೆಸರು ಅರಿಕುಠಾರ. ಇಲ್ಲಿ ಹುಟ್ಟಿದ ಚಾಮರಾಜ ಒಡೆಯರ ಹೆಸರನ್ನ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಇಟ್ಟರು, ಚಾಮರಾಜೇಶ್ವರ ದೇವಸ್ಥಾನವನ್ನೂ ಕಟ್ಟಿಸಿದರು. ದೇವಸ್ಥಾನದ ಸುತ್ತ ಇರೋ ಬೀದಿಗಳೇ ಹಳೇ ಊರು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆ ಆದಮೇಲೆ ಕಚೇರಿಗಳು ಬಂದವು, ನೌಕರರು ಬಂದರು. ಆಮೇಲೆ ನಮ್ಮ ಥರದ ಕಾಲೇಜುಗಳು, ಮೆಡಿಕಲ್ ಕಾಲೇಜು. ಬಾಡಿಗೆ ಮನೆ ಕೇಳೋರು ಜಾಸ್ತಿ ಆದ್ರು. ಆದ್ರೆ ಊರ ಮಧ್ಯ ಖಾಲಿ ಸೈಟು ಎಲ್ಲಿದೆ? ಹಾಗಾಗಿ ಇರೋ ಹಳೇ ಮನೆಗೇ ಹೊಸ ಬಟ್ಟೆ ಹಾಕ್ತಾರೆ. ಭುವನೇಶ್ವರಿ ವೃತ್ತ, ಪಚ್ಚಪ್ಪ ವೃತ್ತದ ಆಸುಪಾಸಿನ ಒಳಬೀದಿಗಳಲ್ಲಿ ‘ರಿನೋವೇಟೆಡ್’ ಅನ್ನೋ ಮನೆ ಅಂದ್ರೆ ಹೆಚ್ಚಿನ ಸಲ ಇದೇ. ಮೊದಲು ಒಂದೇ ಕುಟುಂಬ ಇದ್ದ ಉದ್ದನೆಯ ಮನೆಯನ್ನ ನಡುವೆ ಗೋಡೆ ಎಬ್ಬಿಸಿ ಎರಡು ಪೋರ್ಷನ್ ಮಾಡಿರ್ತಾರೆ, ನೆಲಕ್ಕೆ ಟೈಲ್ಸ್, ಗೋಡೆಗೆ ಪುಟ್ಟಿ, ಹಿತ್ತಲಲ್ಲಿದ್ದ ಬಚ್ಚಲು ಮನೆ ಒಳಗೆ ಬಂದಿರುತ್ತೆ.

ಗುಂಡ್ಲುಪೇಟೆ ಕಥೆ ಬೇರೆ. ಅದು ಹೈವೇ ಊರು. ಅಲ್ಲಿಂದ ಒಂದು ದಾರಿ ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚೋದರಿಂದ ತಡ ಆದವರು ಊರಲ್ಲೇ ಉಳೀಬೇಕು. ಸೂರ್ಯಕಾಂತಿ, ಚೆಂಡುಹೂವಿನ ಸೀಸನ್ನಲ್ಲಂತೂ ಫೋಟೋ ತೆಗೆಯೋಕೆ ಬರೋರ ಕಾರುಗಳ ಸಾಲು. ಚೆನ್ನಾಗಿ ರೆಡಿ ಮಾಡಿದ ಎರಡು ಬೆಡ್‌ರೂಮಿನ ಮನೆಯನ್ನ ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟರೆ ಓನರಿಗೆ ಜಾಸ್ತಿ ಸಿಗುತ್ತೆ. ನಾವು ನೋಡಿದ ಒಂದು ಮನೆಯಲ್ಲಿ ಓನರ್ ನೇರವಾಗಿ ಹೇಳಿದ್ರು: ‘ಸೀಜನ್ ಮುಗ್ದ್ ಮೇಲೆ ಬನ್ರಪ್ಪ, ಆವಾಗ ಕೊಟ್ಟೇನು.’ ಕನಿಷ್ಠ ಅವರು ಸುಳ್ಳು ಹೇಳಲಿಲ್ಲ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ತೆರಕಣಾಂಬಿ ಮೇಲೆ ಸುಮಾರು 35 ಕಿ.ಮೀ. ದಿನಾ ಓಡಾಡೋದಾ, ರೂಂ ಮಾಡೋದಾ ಅನ್ನೋ ಪ್ರಶ್ನೆಗೆ ಹುಡುಗರ ಲೆಕ್ಕ ಒಂದು, ಹುಡುಗಿಯರ ಲೆಕ್ಕ ಇನ್ನೊಂದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಕ್ಲಾಸಿನ ಒಬ್ಬಳು ‘ನನ್ನ ಬಾಡಿಗೆ ಮನೆ ಬಸ್ಸೇ ಕಣೋ’ ಅಂತಾಳೆ. ಆದ್ರೆ ಲ್ಯಾಬ್ ಲೇಟಾದ ದಿನ, ಎಕ್ಸಾಂ ದಿನ ಅವಳ ಮುಖ ನೋಡ್ಬೇಕು.

ಇನ್ನು ಯಾವಾಗ ಹುಡುಕೋದು? ಆಷಾಢದಲ್ಲಿ. ನಮ್ಮ ಕಡೆ ಆಷಾಢದಲ್ಲಿ ಯಾರೂ ಹಾಲು ಉಕ್ಕಿಸಲ್ಲ, ಸಂಸಾರದವರು ಮನೆ ಬದಲಾಯಿಸಲ್ಲ. ಚಾಮರಾಜೇಶ್ವರನ ತೇರಿಗೆ ಮಾತ್ರ ಹೊಸ ಜೋಡಿಗಳು ಬರ್ತಾರೆ, ಹೊಸ ಬಾಡಿಗೆದಾರರು ಬರಲ್ಲ. ಆ ತಿಂಗಳು ಖಾಲಿ ಬಿದ್ದ ಮನೆಗೆ ಚೌಕಾಸಿ ಮಾಡೋಕೆ ಜಾಗ ಇರುತ್ತೆ. ಆಷಾಢದಲ್ಲೇ ಮಾತಾಡಿ, ಶ್ರಾವಣಕ್ಕೆ ಬರ್ತೀವಿ ಅಂತ ಹೇಳಿ. ಇನ್ನೊಂದು ಲಾಭ ಏನಂದ್ರೆ ಆಗ ಮಳೆ ಇರುತ್ತೆ, ಮಳೆಗಾಲದಲ್ಲಿ ಮನೆ ಸುಳ್ಳು ಹೇಳಲ್ಲ.

ಗೋಡೆ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಜಾಗ ತಗೋತೀನಿ, ಯಾಕಂದ್ರೆ ರಿನೋವೇಷನ್ ಆದ ಮನೆಯ ಮುಖ್ಯ ಪ್ರಾಬ್ಲಂ ಇರೋದೇ ಇಲ್ಲಿ.

ಹಳೇ ಮನೆಗಳ ಗೋಡೆ ಇಟ್ಟಿಗೆ, ಮಣ್ಣು, ಗಾರೆಯದ್ದು. ತಳಪಾಯದಿಂದ ಗೋಡೆಗೆ ನೀರು ಏರದ ಹಾಗೆ ಈಗ ನಾವು ಹಾಕೋ ತೇವ ತಡೆಯುವ ಪದರ ಅವುಗಳಲ್ಲಿ ಹೆಚ್ಚಾಗಿ ಇರೋದಿಲ್ಲ. ಹಾಗಾಗಿ ನೆಲದ ತೇವ ಗೋಡೆಯೊಳಗಿನ ಸಣ್ಣ ರಂಧ್ರಗಳ ಮೂಲಕ ಮೇಲೆ ಏರುತ್ತೆ. ಇದು ನಾವು ಓದಿದ ಕ್ಯಾಪಿಲರಿ ರೈಸ್, ಕನ್ನಡದಲ್ಲಿ ಲೋಮನಾಳ ಕ್ರಿಯೆ. ರಂಧ್ರ ಎಷ್ಟು ಸಣ್ಣದೋ ನೀರು ಅಷ್ಟು ಎತ್ತರ. ಲೆಕ್ಕ ಹಾಕಿ ನೋಡಿ: ತ್ರಿಜ್ಯ 0.1 ಮಿ.ಮೀ. ಇದ್ರೆ ನೀರು ಸುಮಾರು 15 ಸೆಂ.ಮೀ. ಏರುತ್ತೆ. 0.01 ಮಿ.ಮೀ. ಆದ್ರೆ ಥಿಯರಿ ಪ್ರಕಾರ ಒಂದೂವರೆ ಮೀಟರ್. ನಿಜವಾದ ಗೋಡೆಯಲ್ಲಿ ಅಷ್ಟು ಎತ್ತರ ಹೋಗದೇ ಇರೋದಕ್ಕೆ ಕಾರಣ, ಏರ್ತಾ ಏರ್ತಾ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗ್ತಾ ಇರುತ್ತೆ. ಸುಣ್ಣ ಬಳಿದ ಗೋಡೆ ಉಸಿರಾಡುತ್ತೆ ಅಂತ ಅಜ್ಜಿಯರು ಹೇಳೋದು ಇದನ್ನೇ.

ಈಗ ರಿನೋವೇಷನ್ ಮಾಡುವಾಗ ಏನಾಗುತ್ತೆ? ಅದೇ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಪುಟ್ಟಿ, ಮೇಲೆ ಪ್ಲಾಸ್ಟಿಕ್ ಎಮಲ್ಷನ್. ಆವಿ ಹೊರಗೆ ಹೋಗೋ ದಾರಿ ಮುಚ್ಚಿತು. ನೀರು ನಿಲ್ಲಲ್ಲ, ಇನ್ನೂ ಮೇಲೆ ಹೋಗುತ್ತೆ. ಒಂದು ಮಳೆಗಾಲ ಕಳೆಯೋ ಹೊತ್ತಿಗೆ ಪೇಂಟ್ ಗುಳ್ಳೆ ಏಳುತ್ತೆ, ಬಿಳೀ ಪುಡಿ ಉದುರುತ್ತೆ. ಆ ಪುಡಿ ನೀರಿನ ಜೊತೆ ಏರಿ ಬಂದ ಉಪ್ಪು. ಓನರ್ ಆಗ ಹೇಳ್ತಾರೆ: ‘ನೀವ್ ಬಟ್ಟೆ ಒಳ್ಗೇ ಒಣಗ್ಸದಲ್ವಾ, ಅದ್ಕೇ ಇಂಗಾಗದೆ.’ ಮನೆ ಬಿಡುವಾಗ ಪೇಂಟಿಂಗ್ ಚಾರ್ಜ್ ನಮ್ಮ ಅಡ್ವಾನ್ಸಲ್ಲಿ ಕಟ್.

ಹಾಗಾಗಿ ಮನೆ ನೋಡೋಕೆ ಹೋದಾಗ ಗೋಡೆಯ ಮಧ್ಯ ನೋಡ್ಬೇಡಿ, ಕೆಳಗಿನ ಮೂರು ಅಡಿ ನೋಡಿ. ಅಂಗೈಗಿಂತ ಮುಂಗೈಯಲ್ಲಿ ಮುಟ್ಟಿದ್ರೆ ತಣ್ಣಗಿರೋದು ಬೇಗ ಗೊತ್ತಾಗುತ್ತೆ. ಬೆಡ್‌ರೂಮಿನ ಒಂದು ಗೋಡೆ ಬಾತ್‌ರೂಮಿಗೆ ಅಂಟಿಕೊಂಡಿದ್ರೆ ಆ ಗೋಡೆಗೆ ಎರಡು ನಿಮಿಷ ಜಾಸ್ತಿ ಕೊಡಿ. ಕಬೋರ್ಡ್ ಬಾಗಿಲು ತೆಗೆದು ಮೂಸಿ ನೋಡಿ. ಒಂದೇ ಗೋಡೆಗೆ ಮಾತ್ರ ಕೆಳಗಡೆ ಟೈಲ್ಸೋ ಪಿವಿಸಿ ಶೀಟೋ ಅಂಟಿಸಿದ್ರೆ ಅದು ಡಿಸೈನ್ ಅಂತ ಅಂದ್ಕೋಬೇಡಿ. ಆಮೇಲೆ ಮನೆಯಿಂದ ಹೊರಗೆ ಬಂದು ಹಿಂಭಾಗಕ್ಕೆ ಹೋಗಿ. ಒಳಗೆ ಪೇಂಟ್ ಹೊಡೆಸೋರು ಹಿಂದಿನ ಗೋಡೆಗೆ ಹೊಡೆಸಲ್ಲ. ಪಾಚಿ, ಬಿರುಕು, ಸೋರೋ ಪೈಪು ಎಲ್ಲಾ ಅಲ್ಲಿ ಕಾಣುತ್ತೆ.

ಬಿರುಕಲ್ಲೂ ಎರಡು ಥರ. ಕೂದಲೆಳೆಯಷ್ಟು ಸಣ್ಣದಾಗಿ ಜೇಡರ ಬಲೆ ಥರ ಹರಡಿದ್ರೆ ಅದು ಪ್ಲಾಸ್ಟರ್ ಒಣಗುವಾಗ ಆಗಿದ್ದು, ತಲೆ ಕೆಡಿಸ್ಕೋಬೇಡಿ. ಕಿಟಕಿ ಅಥವಾ ಬಾಗಿಲ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋದ ಬಿರುಕು ಇದ್ರೆ ತಳಪಾಯ ಒಂದು ಕಡೆ ಕೂತಿರಬಹುದು. ಹಳೇ ಗೋಡೆಗೆ ಹೊಸ ಗೋಡೆ ಸೇರಿಸಿದ ಜಾಗದಲ್ಲಿ ನೇರವಾಗಿ ಮೇಲಿಂದ ಕೆಳಗೆ ಬಂದಿರೋ ಬಿರುಕು ಎರಡು ಗೋಡೆ ಸರಿಯಾಗಿ ಕಚ್ಚಿಕೊಂಡಿಲ್ಲ ಅಂತ ಹೇಳುತ್ತೆ.

ಇನ್ನು ಫಾಲ್ಸ್ ಸೀಲಿಂಗ್. ಸಣ್ಣ ಊರಿನ ಬಾಡಿಗೆ ಮನೆಗೆ ಯಾರೂ ಸುಮ್ಮನೆ ಅದನ್ನ ಹಾಕಿಸಲ್ಲ. ಕೆಲವರು ಶೋಕಿಗೆ ಹಾಕಿಸ್ತಾರೆ ನಿಜ, ಆದ್ರೆ ಒಂದೇ ರೂಮಿಗೆ ಇದ್ರೆ ಕೇಳಿ. ಆರ್‌ಸಿಸಿ ಚಾವಣಿಗೆ ನೀರು ಇಳಿದ್ರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಅದು ಒಳಗಿಂದ ಒತ್ತಿ ಕೆಳಗಿನ ಕಾಂಕ್ರೀಟ್ ಹಪ್ಪಳದ ಥರ ಎದ್ದು ಬೀಳುತ್ತೆ. ಮುಚ್ಚಿಬಿಟ್ರೆ ಕಾಣಲ್ಲ ಅಷ್ಟೇ, ನಿಲ್ಲಲ್ಲ. ಟೆರೇಸಿಗೆ ಹೋಗಿ ಆ ರೂಮಿನ ಮೇಲೆ ನೀರು ನಿಲ್ಲುತ್ತಾ ನೋಡಿ.

ನೆಲದ ಟೈಲ್ಸ್‌ಗೆ ಒಂದು ರೂಪಾಯಿ ಕಾಯಿನ್ ಸಾಕು. ತಟ್ಟಿಕೊಂಡು ಹೋಗಿ. ಗಟ್ಟಿ ಸದ್ದು ಬಂದ್ರೆ ಸರಿ, ಟೊಳ್ಳು ಸದ್ದು ಬಂದ್ರೆ ಕೆಳಗೆ ಗಾರೆ ತುಂಬಿಲ್ಲ, ಮಂಚದ ಕಾಲು ಇಟ್ಟ ಕಡೆ ಒಡೆಯುತ್ತೆ. ಬಾತ್‌ರೂಮಲ್ಲಿ ಒಂದು ಬಕೆಟ್ ನೀರು ಸುರಿದು ಅದು ಜಾಲರಿ ಕಡೆ ಹೋಗುತ್ತಾ ಬಾಗಿಲ ಕಡೆ ಬರುತ್ತಾ ನೋಡಿ. ನಾವು ನೋಡಿದ ಒಂದು ಮನೆಯಲ್ಲಿ ನೀರು ನೇರವಾಗಿ ಹಾಲಿಗೆ ಬಂತು. ಓನರ್ ಮಗ ನಮಗಿಂತ ಮುಂಚೆ ನಕ್ಕ.

ಕರೆಂಟು, ನೀರು

ಸ್ವಿಚ್ ಬೋರ್ಡ್ ಹೊಸದಾಗಿದ್ದ ಮಾತ್ರಕ್ಕೆ ಒಳಗಿನ ವೈರ್ ಹೊಸದಲ್ಲ. ಎಂಸಿಬಿ ಬಾಕ್ಸ್ ತೋರಿಸಿ ಅಂತ ಕೇಳಿ. ಅದರಲ್ಲಿ ‘ಟೆಸ್ಟ್’ ಅಂತ ಬಟನ್ ಇರೋ ಒಂದು ದಪ್ಪ ಸ್ವಿಚ್ ಇದ್ರೆ ಅದು ಆರ್‌ಸಿಸಿಬಿ. ಮನೆಗಳಿಗೆ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದ್ದು. ಹೋಗೋ ಕರೆಂಟಿಗೂ ಬರೋ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದ್ರೆ, ಅಂದ್ರೆ ಯಾರದೋ ಮೈಯಿಂದ ನೆಲಕ್ಕೆ ಹರೀತಿದ್ರೆ, ಕ್ಷಣದಲ್ಲಿ ಕಟ್ ಮಾಡುತ್ತೆ. ಬಟನ್ ಒತ್ತಿದ್ರೆ ಅದು ಟ್ರಿಪ್ ಆಗಬೇಕು. ಆಗದಿದ್ರೆ ಅಥವಾ ಅದು ಇಲ್ಲವೇ ಇಲ್ಲದಿದ್ರೆ ಹಾಕಿಸಿಕೊಡೋಕೆ ಕೇಳಿ. ಬಾಡಿಗೆಯಲ್ಲಿ ಇನ್ನೂರು ರೂಪಾಯಿ ಕಮ್ಮಿ ಮಾಡಿಸೋದಕ್ಕಿಂತ ಇದು ಮುಖ್ಯ ಅಂತ ನನ್ನ ಅಭಿಪ್ರಾಯ.

ಗೀಸರ್ ಪಾಯಿಂಟ್ ನೋಡಿ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಅದಕ್ಕೆ ದೊಡ್ಡ ಸಾಕೆಟ್ಟೂ ಅದಕ್ಕೆ ತಕ್ಕ ದಪ್ಪದ ವೈರೂ ಬೇಕು. ಸಣ್ಣ 6 ಆಂಪಿಯರ್ ಸಾಕೆಟ್ಟಿಗೆ ಗೀಸರ್ ಸಿಕ್ಕಿಸಿದ್ರೆ ಅದು ಬಿಸಿಯಾಗಿ ಕರಗೋದು ಗ್ಯಾರಂಟಿ. ಹಾಗೇ ಸಣ್ಣ ವೈರಿಗೆ ದೊಡ್ಡ ಎಂಸಿಬಿ ಹಾಕಿದ್ರೆ ಎಂಸಿಬಿ ಬೀಳೋ ಮೊದಲೇ ಗೋಡೆಯೊಳಗಿನ ವೈರ್ ಸುಡುತ್ತೆ. ‘ಪದೇ ಪದೇ ಟ್ರಿಪ್ ಆಯ್ತಿತ್ತು, ಅದ್ಕೇ ದೊಡ್ಡದಾಕ್ಸಿವ್ನಿ’ ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳಿದ್ರೆ ಆ ಮನೆ ಬೇಡ.

ಈಗ ಗೃಹಜ್ಯೋತಿ ವಿಷಯ. ‘ಕರೆಂಟ್ ಫ್ರೀ’ ಅಂತ ಬೋರ್ಡಲ್ಲಿ ಬರೆದಿರ್ತಾರೆ. 200 ಯೂನಿಟ್‌ವರೆಗೆ ಎಲ್ಲರಿಗೂ ಫ್ರೀ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಹಾಗಿಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಇಟ್ಟಿರ್ತಾರೆ. ಹಿಂದಿನ ಲೆಕ್ಕ ಇಲ್ಲದ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇ. 10 ಸೇರಿ 58. ಮಿತಿಗಿಂತ ಜಾಸ್ತಿ ಆದ್ರೆ ಜಾಸ್ತಿ ಆದಷ್ಟಕ್ಕೆ ಬಿಲ್, 200 ದಾಟಿದ್ರೆ ಪೂರ್ತಿ ಬಿಲ್. ನಾಲ್ಕು ಹುಡುಗರ ಸ್ನಾನದ ಲೆಕ್ಕ ಮಾಡೋಣ. ಒಬ್ಬನಿಗೆ 15 ಲೀಟರ್ ನೀರನ್ನ 25ರಿಂದ 60 ಡಿಗ್ರಿಗೆ ಬಿಸಿ ಮಾಡೋಕೆ 15 × 4.2 × 35, ಅಂದ್ರೆ ಸುಮಾರು 2,200 ಕಿಲೋಜೌಲ್. ಒಂದು ಯೂನಿಟ್ ಅಂದ್ರೆ 3,600 ಕಿಲೋಜೌಲ್. ಹಾಗಾದ್ರೆ ಒಂದು ಸ್ನಾನಕ್ಕೆ 0.6 ಯೂನಿಟ್. ನಾಲ್ಕು ಜನ, 30 ದಿನ: 72 ಯೂನಿಟ್. ಬರೀ ಸ್ನಾನಕ್ಕೇ 58 ದಾಟಿತು, ಲ್ಯಾಪ್‌ಟಾಪ್, ಫ್ಯಾನ್, ರೈಸ್ ಕುಕ್ಕರ್ ಇನ್ನೂ ಹಚ್ಚೇ ಇಲ್ಲ. (ದಿನಾ ಸ್ನಾನ ಮಾಡದ ರೂಂಮೇಟ್‌ಗಳಿಂದ ಈ ಒಂದು ಲಾಭ ಇದೆ.) ಟೆರೇಸಲ್ಲಿ ಸೋಲಾರ್ ಕಂಡ್ರೆ ಅದರ ಲೈನ್ ನಮ್ಮ ಪೋರ್ಷನ್ನಿಗೂ ಇದೆಯಾ ಅಂತ ನಲ್ಲಿ ತಿರುಗಿಸಿಯೇ ತಿಳ್ಕೊಳ್ಳಿ.

ಇನ್ನೊಂದು ಮಾತು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, ಆದ್ರೆ ಆ ಪೋರ್ಷನ್ನಿಗೆ ಸೆಸ್ಕ್‌ನ ಸ್ವಂತ ಮೀಟರ್, ಸ್ವಂತ ಆರ್‌ಆರ್ ನಂಬರ್ ಇರಬೇಕು. ಒಂದೇ ಮೀಟರಿಂದ ಸಬ್‌ಮೀಟರ್ ಎಳೆದು ಯೂನಿಟ್ಟಿಗೆ ಇಷ್ಟು ಅಂತ ಓನರ್ ವಸೂಲಿ ಮಾಡೋ ಮನೆಯಲ್ಲಿ ನಿಮ್ಮ ಹೆಸರಲ್ಲಿ ಅರ್ಜಿ ಹಾಕೋಕೆ ಆಗಲ್ಲ. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ನಂಬರಿಗೆ ಲಿಂಕ್ ಆಗಿದ್ರೆ ಅವರಿಂದ ಡಿಲಿಂಕ್ ಮಾಡಿಸಿ ಅಂತ ಓನರಿಗೆ ಮೊದಲೇ ಹೇಳಿ. ನೀವು ಬಿಡುವಾಗಲೂ ಹಾಗೇ ಮಾಡಿ.

ನೀರಿಗೆ ಎರಡೇ ಪ್ರಶ್ನೆ. ಒಂದು, ಕುಡಿಯೋ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಸಂಪು ಎಷ್ಟು ದೊಡ್ಡದು. ಓನರನ್ನ ಕೇಳ್ಬೇಡಿ, ಪಕ್ಕದ ಮನೆಯ ಅಕ್ಕನನ್ನ ಕೇಳಿ. ಎರಡು, ನಲ್ಲಿಯ ಒತ್ತಡ. ಟ್ಯಾಂಕ್ ನಲ್ಲಿಗಿಂತ ಒಂದು ಮೀಟರ್ ಎತ್ತರ ಇದ್ರೆ ಸಿಗೋದು ಸುಮಾರು 0.1 ಬಾರ್ ಒತ್ತಡ. ಮೇಲಿನ ಮಹಡಿಯಲ್ಲಿ ಟ್ಯಾಂಕ್ ತಲೆ ಮೇಲೇ ಇರುತ್ತೆ, ಅದಕ್ಕೇ ಅಲ್ಲಿ ಶವರ್ ಹನಿ ಹನಿ. 10 ಲೀಟರ್ ಬಕೆಟ್ ತುಂಬೋಕೆ ಎಷ್ಟು ಹೊತ್ತು ಅಂತ ಫೋನಲ್ಲಿ ನೋಡಿ. ಒಂದು ನಿಮಿಷಕ್ಕೆ ತುಂಬಿದ್ರೆ ಸರಿ. ಮೂರು ನಿಮಿಷ ಆದ್ರೆ ಎಂಟೂವರೆ ಕ್ಲಾಸಿಗೆ ನಾಲ್ಕು ಜನ ರೆಡಿ ಆಗೋದು ಆಗಲ್ಲ.

ಮನೆ ಯಾರಿಗೆ ಸಿಗುತ್ತೆ

ಗೋಡೆ, ವೈರು, ನೀರು ಎಲ್ಲಾ ನಾವು ಪರೀಕ್ಷೆ ಮಾಡ್ತೀವಿ. ಓನರ್ ನಮ್ಮನ್ನ ಪರೀಕ್ಷೆ ಮಾಡೋದು ಒಂದೇ ಪ್ರಶ್ನೆಯಲ್ಲಿ: ‘ನೀವು ಯಾವ ಜನ?’

ಕೇಳೋ ರೀತಿ ಬೇರೆ ಬೇರೆ ಇರುತ್ತೆ. ‘ಯಾವೂರು, ಯಾವ ಬೀದಿ?’ ‘ನಿಮ್ ತಂದೆ ಹೆಸರು ಪೂರ್ತಿ ಹೇಳಿ.’ ‘ಮನೇಲಿ ನಾನ್‌ವೆಜ್ ಮಾಡ್ತೀರಾ?’ ನಮ್ಮ ನಾಲ್ವರಲ್ಲಿ ಒಬ್ಬ ದಲಿತ ಹುಡುಗ. ಒಂದು ಮನೆ ನಮಗೆಲ್ಲಾ ಇಷ್ಟ ಆಗಿತ್ತು. ಗೋಡೆ ಒಣಗಿತ್ತು, ಆರ್‌ಸಿಸಿಬಿ ಇತ್ತು, ನೀರು ಚೆನ್ನಾಗಿತ್ತು, ಬಾಡಿಗೆ ಮಾತು ಮುಗಿದಿತ್ತು. ಕೊನೆಗೆ ಆ ಪ್ರಶ್ನೆ ಬಂತು. ಅವನು ನೇರವಾಗಿ ಹೇಳಿದ. ಓನರ್ ಮುಖದಲ್ಲಿ ಏನೂ ಬದಲಾಗಲಿಲ್ಲ, ಕಾಫಿ ಕೂಡ ಕೊಟ್ರು. ಮಾರನೇ ದಿನ ಫೋನ್ ಮಾಡಿದ್ರೆ ‘ಅಯ್ಯೋ, ನಿನ್ನೆ ರಾತ್ರೀನೇ ಬೇರೆಯವ್ರ್ಗೆ ಆಗೋಯ್ತು ಕನಪ್ಪ’. ಟು ಲೆಟ್ ಬೋರ್ಡ್ ಇನ್ನೂ ಹದಿನೈದು ದಿನ ಅಲ್ಲೇ ನೇತಾಡ್ತಿತ್ತು. ಕಾಲೇಜಿಗೆ ಹೋಗೋ ದಾರಿ ಅದೇ ಆಗಿದ್ದರಿಂದ ದಿನಾ ನೋಡ್ತಿದ್ವಿ.

1917ರಲ್ಲಿ ವಿದೇಶದಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಇರೋಕೆ ಮನೆ ಸಿಗದೆ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದಿದ್ದರು, ಜಾತಿ ಗೊತ್ತಾದಾಗ ಅಲ್ಲಿಂದ ಹೊರಗೆ ಹಾಕಿಸಿಕೊಂಡರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. ನಮ್ಮ ಲೈಬ್ರರಿಯಲ್ಲಿ ಸಿಕ್ಕಿದ್ರೆ ಓದಿ, ಸಣ್ಣ ಪುಸ್ತಕ.

ಕಾನೂನು ಇಲ್ಲ ಅಂತಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂನಲ್ಲಿ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟೋಕೆ, ಪಡೆಯೋಕೆ, ಅದರಲ್ಲಿ ಇರೋಕೆ ಅಡ್ಡಿ ಮಾಡೋದು ಅಪರಾಧ ಅಂತ ಸ್ಪಷ್ಟವಾಗಿದೆ. ಆದ್ರೆ ‘ಬೇರೆಯವ್ರ್ಗೆ ಆಗೋಯ್ತು’ ಅನ್ನೋ ಮಾತನ್ನ ಯಾವ ಠಾಣೆಯಲ್ಲಿ ಹೇಗೆ ಸಾಬೀತು ಮಾಡೋದು? ಆ ಫ್ರೆಂಡ್ ಈಗ ಫೋನಲ್ಲೇ ಮೊದಲ ವಾಕ್ಯದಲ್ಲಿ ಹೇಳಿಬಿಡ್ತಾನೆ. ‘ಪೆಟ್ರೋಲ್ ಉಳಿಯುತ್ತೆ ಮಗಾ’ ಅಂತಾನೆ. ನಾವು ಮೂವರು ಮಾಡಿದ್ದು ಇಷ್ಟು: ನಾಲ್ಕು ಹೆಸರನ್ನೂ ಒಟ್ಟಿಗೆ ಹೇಳಿ ಕೇಳೋದು, ಒಂದು ಹೆಸರು ಬಿಟ್ಟು ಸಿಗೋ ಮನೆ ತಗೊಳ್ಳದೇ ಇರೋದು. ಇದರಿಂದ ನಮಗೆ ಮನೆ ಸಿಗೋದು ಮೂರು ವಾರ ತಡ ಆಯ್ತು. ಕೊನೆಗೆ ಸಿಕ್ಕಿದ್ದು ಸರ್ಕಲಿಂದ ಸ್ವಲ್ಪ ದೂರ. ಮನೆ ಓನರ್ ರಿಟೈರ್ ಆದ ಮೇಷ್ಟ್ರು. ಅವರು ಕೇಳಿದ ಮೊದಲ ಪ್ರಶ್ನೆ ‘ಯಾವ ಬ್ರಾಂಚು?’

ಬಾಡಿಗೆಯೋ ಭೋಗ್ಯವೋ, ಪತ್ರದಲ್ಲಿ ಏನಿದೆ

ನಮ್ಮ ಕಡೆ ಬಾಡಿಗೆಯ ಜೊತೆಗೆ ಭೋಗ್ಯ ಅಂತ ಒಂದಿದೆ, ಈಗ ಎಲ್ಲರೂ ‘ಲೀಸ್’ ಅಂತಾರೆ. ದೊಡ್ಡ ಮೊತ್ತ ಒಟ್ಟಿಗೆ ಕೊಡೋದು, ತಿಂಗಳ ಬಾಡಿಗೆ ಇಲ್ಲ, ಎರಡು ಮೂರು ವರ್ಷ ಆದಮೇಲೆ ಪೂರ್ತಿ ದುಡ್ಡು ವಾಪಸ್. ಕೇಳೋಕೆ ಸ್ವರ್ಗ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 4 ಲಕ್ಷದ ಲೀಸ್, ಇಲ್ಲಾ 8,000 ಬಾಡಿಗೆ ಅಂತ ಇಟ್ಕೊಳ್ಳಿ. ನಿಮ್ಮಪ್ಪನ ದುಡ್ಡು ಬ್ಯಾಂಕಿನ ಎಫ್‌ಡಿಯಲ್ಲಿ ಶೇ. 7 ಬಡ್ಡಿಗೆ ಇದ್ದಿದ್ರೆ ತಿಂಗಳಿಗೆ ಸುಮಾರು 2,333 ಬರ್ತಿತ್ತು. ಅಂದ್ರೆ 8,000ದ ಮನೆ ನಿಮಗೆ 2,333ಕ್ಕೆ ಬಿತ್ತು. ಅದೇ ಅಪ್ಪ ಆ 4 ಲಕ್ಷವನ್ನ ಊರಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ರೆ? ತಿಂಗಳ ಬಡ್ಡಿಯೇ 8,000. ಬಾಡಿಗೆ ಉಳಿದಿದ್ದು ಸೊನ್ನೆ, ಮೇಲೆ ನಾಲ್ಕು ಲಕ್ಷ ಬೇರೆಯವರ ಕೈಯಲ್ಲಿ. ದುಡ್ಡು ಎಲ್ಲಿಂದ ಬರ್ತಿದೆ ಅಂತ ಮನೆಯಲ್ಲಿ ಕೇಳದೇ ಲೀಸ್ ಲಾಭ ಅಂತ ಹೇಳೋಕಾಗಲ್ಲ.

ಓನರ್ ಯಾಕೆ ಲೀಸಿಗೇ ಹಾಕ್ತಿದ್ದಾರೆ ಅಂತಲೂ ಯೋಚಿಸಿ. ರಿನೋವೇಷನ್ನಿಗೆ ಬ್ಯಾಂಕ್ ಸಾಲ ಮಾಡಿರಬಹುದು, ಮನೆಯೇ ಅಡಮಾನ ಇರಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿನ ಋಣಭಾರ ಪತ್ರ, ಅಂದ್ರೆ ಎಲ್ಲರೂ ಇಸಿ ಅನ್ನೋದು, ಕಾವೇರಿ ವೆಬ್‌ಸೈಟಲ್ಲಿ ಸಿಗುತ್ತೆ. ಲಕ್ಷಗಳಲ್ಲಿ ಕೊಡುವಾಗ ಅದನ್ನ ನೋಡದೇ ಕೊಡಬಾರದು. ಜೊತೆಗೆ ಮನೆ ಕಂದಾಯದ ರಸೀದಿಯಲ್ಲಿ ಯಾರ ಹೆಸರಿದೆಯೋ ಅವರೇ ಸಹಿ ಮಾಡ್ತಿದ್ದಾರಾ ನೋಡಿ. ಒಂದು ವರ್ಷ ಮೀರಿದ ಲೀಸ್ ಕಡ್ಡಾಯವಾಗಿ ನೋಂದಣಿ ಆಗಬೇಕು. ಆಸ್ತಿಯನ್ನ ಸಾಲಕ್ಕೆ ಭೋಗ್ಯವಾಗಿ ಕೊಡೋದು ಕಾನೂನಿನ ಪ್ರಕಾರ ಒಂದು ಬಗೆಯ ಅಡಮಾನ, ಅದಕ್ಕೂ ನೋಂದಣಿ ಬೇಕು. ಬರೀ ಛಾಪಾ ಕಾಗದದ ಮೇಲೆ ಬರೆದು ಮೂರು ವರ್ಷದ ಲೀಸ್ ಅಂದ್ರೆ, ಜಗಳ ಬಂದಾಗ ಆ ಕಾಗದದ ಬಲ ಬಹಳ ಕಮ್ಮಿ.

ಬಾಡಿಗೆ ಕರಾರು 11 ತಿಂಗಳಿಗೇ ಯಾಕೆ ಅನ್ನೋದಕ್ಕೂ ಇದೇ ಉತ್ತರ. ವರ್ಷ ದಾಟಿದ್ರೆ ನೋಂದಣಿ ಮಾಡಿಸಬೇಕಲ್ಲ, ಅದಕ್ಕೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, ಆದ್ರೆ ನಮ್ಮಂಥ ಊರುಗಳಲ್ಲಿ ತಿಂಗಳಿಗೆ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನ ಅದು ಹೊರಗಿಟ್ಟಿದೆ. ಈಗ 2,000ಕ್ಕೆ ಡಬಲ್ ಬೆಡ್‌ರೂಂ ಎಲ್ಲಿದೆ? ಹಾಗಾಗಿ ನಮಗೆ ಅನ್ವಯ ಆಗೋದು ಬ್ರಿಟಿಷರ ಕಾಲದ, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಹಳೇದು ಅಂತ ಉದಾಸೀನ ಮಾಡ್ಬೇಡಿ. ಅದರ 108ನೇ ಕಲಂ ರಿನೋವೇಷನ್ ಮನೆಗಳಿಗೇ ಬರೆದ ಹಾಗಿದೆ. ಮನೆ ಕೊಡೋರಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ತಗೊಳ್ಳೋರ ಕಣ್ಣಿಗೆ ಬೀಳದ ದೊಡ್ಡ ದೋಷ ಇದ್ರೆ ಕೊಡೋರು ಮೊದಲೇ ಹೇಳಬೇಕು. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಬಿಡುವಾಗ ಮನೆ ಮೊದಲಿನ ಸ್ಥಿತಿಯಲ್ಲಿ ಇರಬೇಕು, ಆದ್ರೆ ಸಹಜ ಬಳಕೆಯ ಸವೆತಕ್ಕೆ ನಾವು ಹೊಣೆ ಅಲ್ಲ. ಒಂದೇ ಷರತ್ತು: ಕರಾರಿನಲ್ಲಿ ಬೇರೆ ಥರ ಬರೆದಿದ್ರೆ ಕರಾರೇ ಮೇಲು. ಅದಕ್ಕೇ ಓದಬೇಕು.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. ‘ಸದರಿ ಸ್ವತ್ತನ್ನು ಎರಡನೇ ಪಾರ್ಟಿಯವರು ಯಥಾಸ್ಥಿತಿಯಲ್ಲಿ’ ಅಂತ ಶುರುವಾಗೋ ವಾಕ್ಯ ಮುಗಿಯೋ ಹೊತ್ತಿಗೆ ನನಗೆ ಮೊದಲನೇ ಪಾರ್ಟಿ ಯಾರು ಅಂತ ಮರೆತುಹೋಗಿತ್ತು. ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ, ಅಮ್ಮ ಒಂದೊಂದೇ ಬಿಡಿಸಿದ್ರು. ಮುಖ್ಯವಾಗಿ ನೋಡಬೇಕಾದ್ದು: ಅಡ್ವಾನ್ಸ್ ಎಷ್ಟು, ಬಿಟ್ಟ ಎಷ್ಟು ದಿನಕ್ಕೆ ವಾಪಸ್, ಪೇಂಟಿಂಗಿಗೆ ಎಷ್ಟು ಹಿಡೀತಾರೆ. ‘ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ’ ಅಂತ ಇದ್ರೆ, ‘ಕೆಳಗಿನಿಂದ ಬಂದ ತೇವಕ್ಕೆ ಬಾಡಿಗೆದಾರರು ಹೊಣೆಯಲ್ಲ’ ಅಂತ ಒಂದು ಸಾಲು ಸೇರಿಸೋಕೆ ಕೇಳಿ. ನಮ್ಮ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಅವರೇ ಪೆನ್ನಲ್ಲಿ ಬರೆದ್ರು. ಎರಡೂ ಕಡೆಯವರು ಸಹಿ ಹಾಕಿದ್ವಿ. ನೋಟಿಸ್ ಅವಧಿ ಬರೆಯದಿದ್ರೆ ತಿಂಗಳ ಬಾಡಿಗೆಗೆ ಕಾನೂನು ಹೇಳೋದು 15 ದಿನ ಮಾತ್ರ. ಇಂಟರ್ನಲ್ಸ್ ಮಧ್ಯ 15 ದಿನದಲ್ಲಿ ಮನೆ ಹುಡುಕೋದು ಯೋಚನೆ ಮಾಡಿ, ಎರಡು ತಿಂಗಳು ಅಂತ ಬರೆಸಿ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ 2021ರಲ್ಲಿ ಕೇಂದ್ರ ಮಾದರಿ ಕಾಯ್ದೆ ಮಾಡಿದೆ ನಿಜ, ಆದ್ರೆ ಅದು ಮಾದರಿ. ರಾಜ್ಯ ಕಾನೂನು ಮಾಡಿಕೊಂಡ್ರೆ ಮಾತ್ರ ಜಾರಿ. ಓನರ್ ಮುಂದೆ ಅದನ್ನ ಹೇಳಿದ್ರೆ ನಗ್ತಾರೆ.

ಅಡ್ವಾನ್ಸನ್ನ ನಾಲ್ಕು ಜನ ಸೇರಿ ಕೊಡುವಾಗ ಒಬ್ಬನ ಹೆಸರಲ್ಲಿ ಕರಾರು ಆಗುತ್ತೆ, ಉಳಿದ ಮೂವರ ದುಡ್ಡಿಗೆ ದಾಖಲೆ ಇರಲ್ಲ. ನಾಲ್ಕು ಹೆಸರೂ ಹಾಕಿಸಿ. ಆಗದಿದ್ರೆ ಪ್ರತಿಯೊಬ್ಬರೂ ಯುಪಿಐನಲ್ಲಿ ‘ಮನೆ ಅಡ್ವಾನ್ಸ್’ ಅಂತ ಬರೆದು ಓನರಿಗೇ ಕಳಿಸಿ. ಬೀಗದ ಕೈ ತಗೊಂಡ ದಿನ ಸಾಮಾನು ಇಳಿಸೋ ಮುಂಚೆ ಎಲ್ಲಾ ರೂಮಿನ ವಿಡಿಯೋ ತೆಗೀರಿ. ಗೋಡೆಯ ಕೆಳಭಾಗ, ಬಾತ್‌ರೂಮಿನ ಮೂಲೆ, ಒಡೆದ ಟೈಲ್ಸ್, ಕಿಟಕಿ ಗಾಜು, ಕರೆಂಟ್ ಮೀಟರಿನ ರೀಡಿಂಗ್. ಅವತ್ತೇ ಅದನ್ನ ಓನರಿಗೆ ವಾಟ್ಸಾಪ್ ಮಾಡಿ, ‘ಸಾರ್, ಇವತ್ತು ಮನೆ ಹೀಗಿದೆ’ ಅಂತ ಒಂದು ಸಾಲು ಹಾಕಿ. ನೀಲಿ ಟಿಕ್ ಬಂದಮೇಲೆ ಹಾಲು ಉಕ್ಕಿಸಿ. ಇಂಡಕ್ಷನ್ ಸ್ಟವ್ ಮೇಲೂ ಉಕ್ಕುತ್ತೆ, ನಾವು ನೋಡಿದ್ದೀವಿ.